ಎಂತ ನೋಡಬಹುದು, ಕಂಡಕ್ಟ್ರೇ?

ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ನಿಂತೇ ಬದುಕಿದವನು ನಗೋ ಪ್ರಸಂಗ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಕೈ ಅಡ್ಡ ಹಿಡಿದು ಬಸ್ ನಿಲ್ಲಿಸಿ ಹತ್ತುತ್ತವೆ. ಮುಂಚೆ ಅವು ಕೋಳಿ, ಹಲಸಿನಹಣ್ಣು, ಚಿಲ್ಲರೆ ಜಗಳದ ರೂಪದಲ್ಲಿ ಹತ್ತುತ್ತಿದ್ದವು. ಈಗ ಮೂರ್ನಾಲ್ಕು ವರ್ಷದಿಂದ ಒಟಿಟಿ ರೂಪದಲ್ಲಿ ಹತ್ತುತ್ತಿವೆ.

ನಮ್ಮದು ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗೋ ಖಾಸಗಿ ಬಸ್ಸು. ನಾನು ಅದರ ಕಂಡಕ್ಟರು. ಟಿಕೆಟ್ ಕೊಡೋದಕ್ಕಿಂತ ಹೆಚ್ಚಾಗಿ ಈಗ ನಾನು ಮಾಡೋ ಕೆಲಸ ಅಂದ್ರೆ ಮೊಬೈಲಲ್ಲಿ, ಟಿವಿಯಲ್ಲಿ ಯಾವ ಸಿನಿಮಾ ನೋಡಬಹುದು, ಯಾವ ಸರಣಿ ನೋಡಬಹುದು ಅಂತ ಜನಕ್ಕೆ ಹೇಳೋದು. "ಎಂತ ನೋಡಬಹುದು, ಕಂಡಕ್ಟ್ರೇ?" ಅಂತ ಕೇಳದೆ ಟಿಕೆಟ್ ತಗೊಳ್ಳೋರು ನಮ್ಮ ಬಸ್ಸಿನಲ್ಲಿ ಕಡಿಮೆ. ನಾನು ಹೇಳ್ತೀನಿ. ಅವರು ನೋಡ್ತಾರೆ. ವಾಪಸ್ ಬಂದು ಹೊಗಳ್ತಾರೆ.

ಗುಟ್ಟು ಹೇಳಿಬಿಡ್ತೀನಿ. ನಾನು ಇವತ್ತಿನವರೆಗೆ ಅವುಗಳಲ್ಲಿ ಒಂದನ್ನೂ ನೋಡಿಲ್ಲ. ದಿನವಿಡೀ ನಿಂತವನು ಮನೆಗೆ ಹೋಗಿ ಕುರ್ಚಿಗೆ ಬೆನ್ನು ಕೊಟ್ಟರೆ ಮುಗೀತು, ಸಿನಿಮಾದ ಹೆಸರು ಬರೋದ್ರೊಳಗೆ ಗೊರಕೆ. ನಾನು ಹೇಳೋದೆಲ್ಲ ಬಸ್ಸಿನಲ್ಲಿ ಒಬ್ರು ಇನ್ನೊಬ್ರಿಗೆ ಹೇಳೋವಾಗ ಕಿವಿಗೆ ಬಿದ್ದದ್ದು. ನನಗೆ ಹುಟ್ಟಿದಾಗಿನಿಂದ ಕುತೂಹಲದ ಕಾಯಿಲೆ, ಎಲ್ಲಿ ಕಥೆ ಶುರುವಾದ್ರೂ ನನ್ನ ಕಿವಿ ಅಲ್ಲಿ. ಆದ್ರೆ ಬಸ್ಸಲ್ವಾ, ಕಥೆ ಮುಗಿಯೋದ್ರೊಳಗೆ ಹೇಳೋರ ಸ್ಟಾಪ್ ಬಂದುಬಿಡುತ್ತೆ. ಹಾಗಾಗಿ ನಲವತ್ತು ಸಿನಿಮಾದ ಮೊದಲರ್ಧ ನನಗೆ ಬಾಯಿಪಾಠ. ಒಂದರ ಕೊನೆಯೂ ಗೊತ್ತಿಲ್ಲ.

ಇದು ಹೊರಗೆ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ. ತಮಾಷೆಗೆ ಹೇಳ್ತಿಲ್ಲ. ನಮ್ಮ ಓನರ್‌ಗೆ ನನ್ನನ್ನ ಬಿಡಿಸಿ ಯಾರನ್ನಾದ್ರೂ ಚುರುಕಿನವರನ್ನ ಹಾಕ್ಕೊಳ್ಳೋ ಯೋಚನೆ ಇತ್ತು. ಆದ್ರೆ ನಮಗಿಂತ ಹತ್ತು ನಿಮಿಷ ಮುಂಚೆ ಹೊರಡೋ ಬಸ್ಸನ್ನ ಬಿಟ್ಟು ಜನ ನಮ್ಮ ಬಸ್ಸಿಗೆ ಕಾಯೋದನ್ನ ಅವರು ಕಣ್ಣಾರೆ ಕಂಡರು. "ನಿನ್ನ ಬಾಯಿ ನಡೆಯೋವರೆಗೆ ನೀನೇ ಇರು ಮಾರಾಯ" ಅಂದ್ರು. ನನ್ನ ಹೊಟ್ಟೆಪಾಡು ಈಗ ನಾನು ನೋಡದ ಸಿನಿಮಾಗಳ ಮೇಲೆ ನಿಂತಿದೆ.

೧. ಬಾವಿಯಲ್ಲಿ ಎಂತ ಇತ್ತು?

ಇದೆಲ್ಲ ಶುರುವಾಗಿದ್ದು ಒಬ್ಬ ನರ್ಸಮ್ಮನಿಂದ. ಅವರು ಸಾಗರದಲ್ಲಿ ಹತ್ತಿ ಬಟ್ಟೆಮಲ್ಲಪ್ಪದಲ್ಲಿ ಇಳಿಯೋರು. ಪಕ್ಕದ ಸೀಟಿನ ಟೀಚರ್‌ಗೆ ದಿನಾ ಒಂದು ಕಥೆ ಹೇಳ್ತಾರೆ. ಅವತ್ತಿನ ಕಥೆಯಲ್ಲಿ ಒಬ್ಬ ಗಂಡ ಇದ್ದಕ್ಕಿದ್ದ ಹಾಗೆ ಮನೆ ಬಾವಿಗೆ ಮುಚ್ಚಳ ಮಾಡಿಸಿ ಬೀಗ ಹಾಕ್ತಾನೆ. ಯಾಕೆ ಅಂತ ಹೆಂಡ್ತಿ ಕೇಳಿದ್ರೆ ಹೇಳಲ್ಲ. ಒಂದಿನ ಅವನು ಪರಊರಿಗೆ ಹೋಗ್ತಾನೆ. ಹೆಂಡ್ತಿ ಕಲ್ಲು ತಗೊಂಡು ಬೀಗ ಒಡೀತಾಳೆ, ಮುಚ್ಚಳ ಎತ್ತುತ್ತಾಳೆ, ಬಗ್ಗಿ ನೋಡ್ತಾಳೆ.

"ಅಯ್ಯೋ, ಹೋಲ್ಡಾನ್! ನನ್ನ ಸ್ಟಾಪ್ ಬಂತು" ಅಂತ ನರ್ಸಮ್ಮ ಇಳಿದೇಬಿಟ್ಟರು.

ನಾನು ಫುಟ್‌ಬೋರ್ಡಿನಿಂದ ಕೂಗಿದೆ. "ಬಾವಿಯಲ್ಲಿ ಎಂತ ಇತ್ತು, ಸಿಸ್ಟರ್?"

ಅವರು ಕೈ ಬೀಸಿ "ನಾಳೆ ಬರ್ತೀನಿ!" ಅಂದ್ರು. ಮಾರನೇ ದಿನ ಅವರ ಡ್ಯೂಟಿ ಬದಲಾಗಿತ್ತು. ಎರಡು ತಿಂಗಳು ಮುಖ ಕಾಣಲಿಲ್ಲ. ನನಗಂತೂ ಊಟ ಸೇರಲಿಲ್ಲ.

ಅದೇ ವಾರ ಹೊಸನಗರದ ಟೈಲರ್ ಒಬ್ರು ಮನೇಲಿ ನೋಡಕ್ಕೆ ಒಳ್ಳೇದಿದ್ರೆ ಹೇಳಿ ಅಂದ್ರು. ಬಾಯಿಗೆ ಬಂದಿದ್ದು ಬಾವಿ. ಬೀಗ ಒಡೆಯೋ ತನಕ ಹೇಳಿ, "ಮುಂದಿಂದು ನೀವೇ ನೋಡಿ" ಅಂದೆ. ನಾಲ್ಕು ದಿನ ಬಿಟ್ಟು ಅವರು ಓಡಿ ಬಂದು ನನ್ನ ಕೈ ಹಿಡ್ಕೊಂಡರು.

"ಎಂಥಾ ಸಿನಿಮಾ ಹೇಳಿದ್ರಿ ಕಂಡಕ್ಟ್ರೇ! ಬಾವಿಯೊಳಗೆ ಅದನ್ನ ನೋಡಿ ನನ್ನ ಹೆಂಡ್ತಿ ಚೀರಿಬಿಟ್ಟಳು."

ಎಂತದು ಅಂತ ಕೇಳೋ ಹಾಗಿಲ್ಲ. ಕೇಳಿದ್ರೆ ಮಾನ ಹೋಗುತ್ತೆ. "ಅದನ್ನ ನೋಡಿ ಚೀರದೇ ಇರೋರು ಯಾರು ಹೇಳಿ!" ಅಂದೆ.

ಅವತ್ತಿನಿಂದ ನಾನು ಮೂರು ತಾಲೂಕಿಗೆ ಸಿನಿಮಾ ಪಂಡಿತ. ನರ್ಸಮ್ಮ ವಾಪಸ್ ಬಂದಾಗ ಪಂಡಿತನಾದವನು ಕೇಳೋ ಹಾಗಿರಲಿಲ್ಲ. ಬಾವಿಯಲ್ಲಿ ಎಂತ ಇತ್ತು ಅಂತ ಮಾತ್ರ ದೇವರಾಣೆಗೂ ಇವತ್ತಿಗೂ ಗೊತ್ತಿಲ್ಲ.

೨. ಇಳೀತಾ ಇದೆ

ಮಾಸ್ತಿಕಟ್ಟೆ ಕಡೆಯ ಹಿರಿಯರೊಬ್ರು ತಿಂಗಳಿಗೆರಡು ಸಲ ಸಾಗರಕ್ಕೆ ಬರ್ತಾರೆ. ಅವರ ಮನೆ ಹತ್ರ ಸಿಗ್ನಲ್ ಬೇಕಾದ್ರೆ ಗುಡ್ಡ ಹತ್ತಬೇಕು. ಹಾಗಾಗಿ ಪೇಟೆಯಲ್ಲಿರೋವಾಗಲೇ ಮೊಬೈಲಿಗೆ ಎರಡು ಸಿನಿಮಾ ಇಳಿಸಿಕೊಂಡು ಹೋಗೋದು ರೂಢಿ. ನನಗೆ ಆ ರೂಢಿ ಆಗಿನ್ನೂ ಗೊತ್ತಿರಲಿಲ್ಲ.

ಬಸ್ ಸಾಗರ ಬಿಟ್ಟು ಸ್ವಲ್ಪ ದೂರ ಬಂದಿತ್ತು. ಅವರು ಚಡಪಡಿಸ್ತಾ ನನ್ನ ಅಂಗಿ ಎಳೆದರು. "ಕಂಡಕ್ಟ್ರೇ, ಕಾಡು ಶುರುವಾಗೋದ್ರೊಳಗೆ ಇಳಿಬೇಕಿತ್ತು ಮಾರಾಯ್ರೆ."

"ಇಲ್ಲಿ ಸ್ಟಾಪ್ ಇಲ್ವಲ್ಲ ರಾಯ್ರೆ."

"ಹಾಗಂದ್ರೆ ಹ್ಯಾಗೆ? ಆ ತಿರುವು ದಾಟಿದ್ರೆ ಆಮೇಲೆ ಇಳಿಯೋದೇ ಇಲ್ಲ. ಒಂದೈದು ನಿಮಿಷ ನಿಲ್ಲಿಸಿ, ಪುಣ್ಯ ಬರುತ್ತೆ."

ವಯಸ್ಸಾದವರು, ಮುಖದಲ್ಲಿ ಬೆವರು. ಪಾಪ, ಇದು ಬೇರೆ ತರದ ಅವಸರ ಅಂತ ನಾನು ಅರ್ಥ ಮಾಡಿಕೊಂಡು ಸೀಟಿ ಊದಿದೆ. ಬಸ್ ನಿಂತಿತು. ಮರ್ಯಾದೆಗೆ ಹೆಂಗಸರ ಕಡೆ ತಿರುಗಿ "ಎಲ್ಲರೂ ಆ ಕಡೆ ನೋಡಿ" ಅಂತಲೂ ಹೇಳಿದೆ. ತಿರುಗಿ ನೋಡಿದ್ರೆ ರಾಯರು ಸೀಟಲ್ಲೇ ಕೂತಿದಾರೆ, ಮೊಬೈಲನ್ನ ಕಿಟಕಿಯ ಹೊರಗೆ ಹಿಡಿದು, ಮುಖ ಅರಳಿದೆ.

"ಭಾಳ ಉಪಕಾರ ಆಯ್ತು. ಈಗ ನೋಡಿ, ಎಷ್ಟು ಸಲೀಸಾಗಿ ಇಳೀತಾ ಇದೆ!"

ಮುಂದಿನಿಂದ ಡ್ರೈವರ್ ಕೂಗಿದ. "ಇಳಿದ್ರೇನೋ?"

ನಾನು ಬಗ್ಗಿ ಮೊಬೈಲ್ ನೋಡಿದೆ. ಇದ್ದದ್ದು ಇದ್ದ ಹಾಗೆ ಹೇಳಿದೆ. "ಅರವತ್ತು ಪರ್ಸೆಂಟ್ ಇಳಿದಿದೆ!"

ಡ್ರೈವರ್ ಕನ್ನಡಿಯಲ್ಲಿ ಬಾಗಿಲು ನೋಡಿ ಗಾಬರಿಯಾದ. "ಉಳಿದ ನಲವತ್ತು ಬಾಗಿಲಲ್ಲಿ ಸಿಕ್ಕಿಹಾಕ್ಕೊಂಡಿದ್ಯಾ?"

೩. ಭಕ್ತಿ ಇರೋದು

ವರದಹಳ್ಳಿಗೆ ಹೋಗಿ ಬರ್ತಿದ್ದ ಅಜ್ಜಿಯೊಬ್ರು, ಕೈಯಲ್ಲಿ ಪ್ರಸಾದದ ಪೊಟ್ಟಣ. "ಅಪ್ಪೀ, ಮೊಮ್ಮಗಳು ಟಿವಿಗೆ ಎಂತದೋ ಹಾಕ್ಸಿದಾಳೆ. ಬರೀ ಹೊಡಿ ಬಡಿ. ನಂಗೆ ಭಕ್ತಿ ಇರೋದು ಒಂದು ಹೇಳು" ಅಂದ್ರು.

ಹಿಂದಿನ ದಿನವಷ್ಟೇ ಒಂದು ಕಥೆ ಕಿವಿಗೆ ಬಿದ್ದಿತ್ತು. ಹಳೇ ದೇವಸ್ಥಾನ, ಸಾಧು ಸ್ವಭಾವದ ಅರ್ಚಕರು, ದಿನಾ ಪೂಜೆ, ಭಜನೆ, ಅಭಿಷೇಕ. ಕಥೆ ಅಭಿಷೇಕಕ್ಕೆ ಬರೋವಾಗ ಹೇಳ್ತಿದ್ದವರ ಸ್ಟಾಪ್ ಬಂದಿತ್ತು. ನಾನು ಕಣ್ಮುಚ್ಚಿ ಅದನ್ನೇ ಹೇಳಿದೆ.

ಆಮೇಲೆ ಬೇರೆ ಯಾರೋ ಅದೇ ಕಥೆಯನ್ನ ನಡುವಿನಿಂದ ಹೇಳೋದು ಕಿವಿಗೆ ಬಿತ್ತು. ಆ ಅರ್ಚಕರು ಗರ್ಭಗುಡಿ ಹಿಂದೆ ಮೂವರನ್ನ ಹುಗಿದಿರ್ತಾರಂತೆ. ಅಜ್ಜಿ ಮುಂದಿನ ಸಲ ಬಸ್ ಹತ್ತಿದಾಗ ನಾನು ಹಿಂದಿನ ಸೀಟಿನ ಮರೆಗೆ ಹೋದೆ. ಅವರು ಬಿಡಬೇಕಲ್ಲ.

"ಬಾ ಇಲ್ಲಿ. ಎಂಥದ್ದು ಹೇಳಿದ್ದು ನೀನು?"

"ತಪ್ಪಾಯ್ತು ಅಜ್ಜಿ."

"ತಪ್ಪೆಂತದ್ದು? ಆ ಮೂರನೇ ಹೆಣ ಸಿಗೋವಾಗ ನಾನು ಎರಡೂ ಕೈ ಎತ್ತಿ ಮುಗಿದುಬಿಟ್ಟೆ. ನನ್ನ ಜನ್ಮದಲ್ಲಿ ಅಷ್ಟು ಸಲ ದೇವರನ್ನ ನೆನೆಸಿಕೊಂಡಿಲ್ಲ. ಇಂಥ ಭಕ್ತಿಯದ್ದು ಇನ್ನೊಂದಿದ್ರೆ ಹೇಳು."

೪. ಸೀಸನ್ ಹಾಳು

ನಮ್ಮ ಕಡೆ ಸೀಸನ್ ಅಂದ್ರೆ ಒಂದೇ ಅರ್ಥ, ಅಡಿಕೆ. ಅದು ಕಾಲೇಜಿನ ಇಬ್ಬರು ಹೊಸ ಲೆಕ್ಚರರ್‌ಗಳಿಗೆ ಗೊತ್ತಿರಲಿಲ್ಲ. ಅವರು ಮುಂದಿನ ಸೀಟು, ಹಿಂದೆ ಅಡಿಕೆ ವ್ಯಾಪಾರಿಯೊಬ್ರು.

"ಈ ಸೀಸನ್ ಪೂರ್ತಿ ಹಾಳು ಕಣೇ" ಅಂದ್ರು ಒಬ್ರು.

ವ್ಯಾಪಾರಿಗೆ ತೂಕಡಿಕೆ ಹಾರಿಹೋಯ್ತು.

"ಹೋದ ಸೀಸನ್ ಎಷ್ಟು ಚೆನ್ನಾಗಿತ್ತು! ಮುಂದಿನ ಸೀಸನ್ ಬರೋದೇ ಡೌಟು, ನಿಲ್ಲಿಸಿಬಿಟ್ರಂತೆ."

ವ್ಯಾಪಾರಿ ಫೋನ್ ತೆಗೆದರು. "ಹಲೋ, ಗೋದಾಮಲ್ಲಿ ಇರೋದನ್ನೆಲ್ಲ ಇವತ್ತೇ ಕೊಟ್ಬಿಡು! ಮುಂದಿನ ಸೀಸನ್ನೇ ನಿಲ್ಲಿಸಿಬಿಟ್ರಂತೆ, ಅಡಿಕೆ ಬ್ಯಾನ್ ಆಗಿರಬೇಕು! ಯಾರು ಹೇಳಿದ್ದಾ? ಕಾಲೇಜಿನೋರು, ಓದ್ಕೊಂಡಿರೋರು!" ಇದನ್ನ ಕೇಳಿ ಹಿಂದೆ ಕೂತಿದ್ದ ಇನ್ನಿಬ್ಬರು ತೋಟದವರೂ ಫೋನ್ ಹಚ್ಚಿದರು. ಒಂದು ನಿಮಿಷದಲ್ಲಿ ಬಸ್ಸು ಅಡಿಕೆ ಮಂಡಿ ಆಗಿಹೋಯ್ತು.

ನಾನು ಓಡಿ ಹೋಗಿ ಬಿಡಿಸಿ ಹೇಳಿದೆ. ಅಡಿಕೆ ಅಲ್ಲ ಸಾವ್ಕಾರ್ರೇ, ಮೊಬೈಲಲ್ಲಿ ಬರೋ ಧಾರಾವಾಹಿ, ಅದರಲ್ಲೂ ಒಂದನೇ ಸೀಸನ್, ಎರಡನೇ ಸೀಸನ್ ಅಂತ ಇರುತ್ತೆ ಅಂತ. ಅವರು ಮತ್ತೆ ಫೋನ್ ಮಾಡಿ "ಕೊಡಬೇಡ, ಕೊಡಬೇಡ!" ಅಂತ ಕೂಗಿ, ಬೆವರು ಒರೆಸಿಕೊಂಡು, ಲೆಕ್ಚರರ್‌ಗಳ ಕಡೆ ಕನಿಕರದಿಂದ ನೋಡಿದರು.

"ಮೊದಲನೇದು ಅಷ್ಟು ಚೆನ್ನಾಗಿ ಬಂದು ಎರಡನೇದು ಹಾಳಾಯ್ತು ಅಂದ್ರೆ," ಅಂದ್ರು, "ಮಳೆಗೆ ಮುಂಚೆ ಔಷಧಿ ಹೊಡೆದಿರಲ್ಲ ಬಿಡಿ."

೫. ಅಂವ ಇದ್ದ

ನಮ್ಮ ಬಸ್ಸಿನಲ್ಲಿ ಸುದ್ದಿ ಕಳಿಸೋದು ಮೊದಲಿಂದಲೂ ಇದೆ. ಸಾಗರದ ಅಕ್ಕ ಒಬ್ರು ಕಿಟಕಿ ಹತ್ರ ಬಂದ್ರು. ಅವರೂ ಹೊಸನಗರದಲ್ಲಿರೋ ಅವರ ತಂಗಿಯೂ ಒಂದೇ ಕೊಲೆ ಸರಣಿ ನೋಡ್ತಿದ್ರು. ಕೊಂದವರು ಯಾರು ಅಂತ ಇಬ್ಬರಿಗೂ ಪಂಥ. ತಂಗಿಯ ಮೊಬೈಲ್ ಕೆಟ್ಟಿತ್ತು. "ಅವಳು ಬಸ್‌ಸ್ಟ್ಯಾಂಡಿಗೆ ಬರ್ತಾಳೆ, ಹೂವಿನ ಗಿಡ ಕಳಿಸಿದೀನಿ, ಕೊಡಿ. ಹಾಗೇ, ಗಂಡನ್ನ ಕೊಂದಿದ್ದು ಅತ್ತೆ ಅಲ್ಲ ಅಂತ ಹೇಳಿ" ಅಂದ್ರು.

ಹೊಸನಗರದಲ್ಲಿ ಅವತ್ತು ಸಂತೆ ರಶ್ಶು. ಇಳಿಯೋಕೆ ಜಾಗ ಇಲ್ಲ. ಗಿಡವನ್ನ ಕಿಟಕಿಯಿಂದ ದಾಟಿಸಿ, ಸುದ್ದಿಯನ್ನ ಅಲ್ಲಿಂದಲೇ ಕೂಗಿದೆ.

"ಅಮ್ಮಾ! ಗಂಡನ್ನ ಕೊಂದಿದ್ದು ಅತ್ತೆ ಅಲ್ವಂತೆ!"

ಇಡೀ ಬಸ್‌ಸ್ಟ್ಯಾಂಡು ತಿರುಗಿ ನೋಡ್ತು. ತಂಗಿಯ ಪಕ್ಕದಲ್ಲಿ ನಿಂತಿದ್ದವರು ಅವರ ಸ್ವಂತ ಅತ್ತೆ! ಆ ಯಮ್ಮ ಎದೆ ಬಡ್ಕೊಂಡ್ರು. "ಅಯ್ಯೋ ದೇವರೇ! ಆನು ಎಂತಕ್ಕೆ ಕೊಲ್ಲವು? ಅಂವ ಮನೇಲೇ ಇದ್ದ!"

ಅವರದು ಹವ್ಯಕರ ಮಾತು. ಅದರಲ್ಲಿ ‘ಇದ್ದ’ ಅಂದ್ರೆ ‘ಇದ್ದಾನೆ’ ಅಂತ. ಅದು ನಮಗೆ ಗೊತ್ತು. ಅಲ್ಲಿದ್ದ ಕಾನ್‌ಸ್ಟೇಬಲ್ ಬಯಲುಸೀಮೆಯಿಂದ ವರ್ಗವಾಗಿ ಬಂದು ಒಂದು ವಾರ ಆಗಿತ್ತಷ್ಟೆ.

"ಮನೇಲಿ ಇದ್ದ ಅಂತೀರಿ. ಹಂಗಾದ್ರೆ ಈಗ ಇಲ್ವಾ?" ಅಂತ ಹತ್ತಿರ ಬಂದ್ರು.

"ಈಗ್ಲೂ ಇದ್ದ!"

"ಅಲ್ಲಮ್ಮ, ಇದ್ದ ಇದ್ದ ಅಂದ್ರೆ? ಏನಾಯ್ತು ಅವರಿಗೆ?"

"ಎಂತದೂ ಆಯ್ದಿಲ್ಲೆ! ಅಂವ ದೋಸೆ ತಿಂತಾ ಇದ್ದ!"

"ದೋಸೆ ತಿಂತಾ ಇದ್ದ..." ಕಾನ್‌ಸ್ಟೇಬಲ್ ಮುಖ ಗಂಭೀರ ಆಯ್ತು. "ದೋಸೆ ಹಾಕಿಕೊಟ್ಟಿದ್ದು ಯಾರು?"

ಅಷ್ಟರಲ್ಲಿ ಪುಣ್ಯಕ್ಕೆ ತಂಗಿಯ ಗಂಡನೇ ಸ್ಕೂಟರಲ್ಲಿ ಬಂದು "ಎಂತ ಆತು ಅಮ್ಮ?" ಅಂತ ಇಳಿದ. ತಾಯಿ ಅವನ ತೋಳು ಹಿಡಿದು ಕಾನ್‌ಸ್ಟೇಬಲ್ ಮುಂದೆ ನಿಲ್ಲಿಸಿ, "ನೋಡಿ! ಇದ್ದ!" ಅಂದ್ರು.

ನಾನು ನಡೆದಿದ್ದೆಲ್ಲ ಹೇಳಿ ಕೈ ಮುಗಿದೆ. ಕಾನ್‌ಸ್ಟೇಬಲ್ ಕಿಟಕಿ ಹತ್ರ ಬಂದು ದನಿ ತಗ್ಗಿಸಿದರು. "ಅತ್ತೆ ಅಲ್ಲ ಅಂದ್ರೆ ಮತ್ತೆ ಕೊಂದಿದ್ದು ಯಾರು?"

ನನಗೆಲ್ಲಿ ಗೊತ್ತು! "ಅದು ಇನ್ನೂ ತನಿಖೆಯಲ್ಲಿದೆ ಸಾರ್" ಅಂದು ಸೀಟಿ ಊದಿದೆ.

೬. ಮಿಸ್ ಕೇಳಿದ ಸರಣಿ

ಕೋಣಂದೂರಿನ ಹೆಡ್‌ಮಿಸ್ ರಿಟೈರಾಗಿ ಬಹಳ ವರ್ಷ ಆಯ್ತು. ಆದ್ರೂ ಅವರು ಹತ್ತಿದ್ರೆ ಅರ್ಧ ಬಸ್ಸು ಎದ್ದು ನಿಲ್ಲುತ್ತೆ. ಯಾಕಂದ್ರೆ ಅರ್ಧ ಬಸ್ಸು ಅವರ ಕೈಯಲ್ಲಿ ಏಟು ತಿಂದದ್ದು. ನನಗೂ ಏಳನೇ ಕ್ಲಾಸಲ್ಲಿ ಪಾಠ ಹೇಳಿದವರು. ಅವರು ನಾನು ಹೇಳಿದ ಮೂರ್ನಾಲ್ಕನ್ನ ನೋಡಿದ್ರು, ಚೆನ್ನಾಗಿದೆ ಅಂತಲೂ ಅಂದಿದ್ರು. ಆದ್ರೆ ಅವತ್ತು ಹೊಸನಗರದಲ್ಲಿ ಹತ್ತಿ ಕೂತವರು ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ದಿಟ್ಟಿಸಿದರು.

"ನಂಗೊಂದು ಕುತೂಹಲ. ನೀನು ಎಲ್ಲದರ ಶುರು ಅಷ್ಟು ಚಂದ ಹೇಳ್ತೀಯ. ಕೊನೆ ಯಾಕೋ ಹೇಳೋದೇ ಇಲ್ವಲ್ಲ?"

"ಕೊನೆ ಹೇಳಿದ್ರೆ ನೋಡೋರ ಮಜಾ ಹೋಗುತ್ತಲ್ಲ ಮಿಸ್."

"ಹೂಂ." ಅವರು ಬಸ್ಸಿನ ಒಳಗೆಲ್ಲ ಒಂದು ಸುತ್ತು ಕಣ್ಣಾಡಿಸಿದರು. "ಹೋಗ್ಲಿ ಬಿಡು. ‘ತುರ್ತು ದ್ವಾರ’ ನೋಡಿದೀಯಾ?"

ಹೆಸರು ಕೇಳಿದ್ರೆ ಚೆನ್ನಾಗಿ ಪರಿಚಯ ಇದ್ದ ಹಾಗಿತ್ತು. ಬಸ್ ತುಂಬ ಜನ ನನ್ನ ಬಾಯಿ ನೋಡ್ತಿದಾರೆ. ಇಲ್ಲ ಅಂದ್ರೆ ಪಂಡಿತನ ಗತಿ ಏನು?

"ಅಯ್ಯೋ, ಅದನ್ನ ನೋಡದೇ ಇರ್ತೀನಾ ಮಿಸ್! ಮೊದಲೆರಡು ಎಪಿಸೋಡು ಸ್ವಲ್ಪ ನಿಧಾನ. ಆಮೇಲೆ ಹಿಡ್ಕೊಳ್ಳುತ್ತೆ ನೋಡಿ!"

"ಹೌದಾ? ಕಥೆ ಎಲ್ಲಿ ನಡೆಯೋದು?"

"ಹೆಚ್ಚಾಗಿ... ಒಳಗೇ."

"ಒಳಗೆ ಅಂದ್ರೆ?"

"ದ್ವಾರದ ಒಳಗೆ ಮಿಸ್. ಹೊರಗೆ ಬರೋಕೆ ಆಗಲ್ಲ. ಅದೇ ಅದರ ವಿಶೇಷ."

ಅಷ್ಟರಲ್ಲಿ ಮೂರನೇ ಸೀಟಿನ ಔಷಧಿ ಅಂಗಡಿಯವರು ಬಾಯಿ ಹಾಕಿದರು. "ನಾವೂ ನೋಡಿದ್ವಿ. ಕನ್ನಡ ಡಬ್ಬಿಂಗ್ ಅಷ್ಟು ಚೆನ್ನಾಗಿಲ್ಲ." ಪಕ್ಕದವರು "ಒರಿಜಿನಲ್ಲೇ ನೋಡಬೇಕು, ಅದರ ಮಜಾನೇ ಬೇರೆ" ಅಂದ್ರು. ಪಂಚಾಯ್ತಿಯ ಮೇಡಂ "ಹೀರೋಯಿನ್ ಸಾಯೋದು ನಂಗೆ ತಡಕೊಳ್ಳಕ್ಕಾಗಲಿಲ್ಲ, ಅತ್ತುಬಿಟ್ಟೆ" ಅಂತ ಕಣ್ಣೊರೆಸಿಕೊಂಡರು. ಕೊನೆಯ ಸೀಟಿನಿಂದ ಒಬ್ರು ಇಯರ್‌ಫೋನ್ ಕಿತ್ತು ರೇಗಿದರು. "ರೀ, ಯಾರು ಸಾಯ್ತಾರೆ ಅಂತ ಹೇಳ್ಬೇಡ್ರಿ! ನಾನಿನ್ನೂ ಎರಡನೇ ಎಪಿಸೋಡಲ್ಲಿದೀನಿ!"

ನನಗೆ ಆನೆಬಲ ಬಂತು. ಇಷ್ಟು ಜನ ನೋಡಿದಾರೆ ಅಂದ್ಮೇಲೆ ಇದ್ದೇ ಇರುತ್ತೆ. "ಒಟ್ಟಿನಲ್ಲಿ ಕೊನೆ ತನಕ ನೋಡಬೇಕು ಮಿಸ್" ಅಂದೆ.

ಮಿಸ್ ಎದ್ದು ನಿಂತರು. ಚಪ್ಪಾಳೆ ಒಂದು ತಟ್ಟಿದರು. "ಎಲ್ಲರೂ ಹಿಂದೆ ತಿರುಗಿ. ತಲೆ ಎತ್ತಿ. ಆ ಕಿಟಕಿ ಮೇಲೆ ಎಂತ ಬರೆದಿದೆ, ಗಟ್ಟಿಯಾಗಿ ಓದಿ."

ಹಳೇ ಅಭ್ಯಾಸ. ಅರ್ಧ ಬಸ್ಸು ಒಕ್ಕೊರಲಿನಿಂದ ಓದಿತು. "ತುರ್ತು ದ್ವಾರ."

ಕೆಂಪಕ್ಷರ, ಕೆಳಗೆ ಬಾಣದ ಗುರುತು. ಹೋದ ವರ್ಷ ಬಸ್ಸಿಗೆ ಬಣ್ಣ ಹೊಡೆಸೋವಾಗ ನಮ್ಮ ಓನರ್ ಪೇಂಟರ್ ಪಕ್ಕದಲ್ಲಿ ತಾವೇ ನಿಂತು, ಒತ್ತಕ್ಷರ ತಿದ್ದಿಸಿ ಬರೆಸಿದ್ದು. ಕೊನೆಯ ಸೀಟಿನವರ ತಲೆಗೆ ಅದು ತಾಗ್ತಾನೇ ಇತ್ತು.

ಔಷಧಿ ಅಂಗಡಿಯವರು ಕಿಟಕಿಯಿಂದ ಹೊರಗೆ ನೋಡೋಕೆ ಶುರು ಮಾಡಿದ್ರು. "ಮಿಸ್, ನಾನು ಒಂದನ್ನೂ ನೋಡಿಲ್ಲ. ಎಲ್ಲಾ ಇಲ್ಲೇ ಕೇಳಿದ್ದು" ಅಂತ ಮೆಲ್ಲಗೆ ಒಪ್ಪಿಕೊಂಡೆ.

"ಗೊತ್ತು" ಅಂದ್ರು ಮಿಸ್. "ಏಳನೇ ಕ್ಲಾಸಲ್ಲಿ ಪಾಠ ಓದದೇ ಸಾರಾಂಶ ಬರೀತಿದ್ದವನು ನೀನು. ಆದ್ರೆ ಆಗ ಒಬ್ಬನೇ ಇದ್ದೆ." ಉಳಿದವರ ಮೇಲೆ ಒಂದು ನೋಟ ಬೀರಿ, ಕೋಣಂದೂರಲ್ಲಿ ಇಳಿದು ನಡೆದರು.

ಮಾರನೇ ದಿನ ಬೆಳಿಗ್ಗೆ ಬಸ್ ಹೊರಡೋ ಮುಂಚೆ ಓನರ್ ಸಾಗರದ ಸ್ಟ್ಯಾಂಡಿಗೇ ಬಂದುಬಿಟ್ರು. ಅವರು ಹಾಗೆ ಬರೋರಲ್ಲ. ನನ್ನ ಕಥೆ ಮುಗೀತು ಅಂತ ಬ್ಯಾಗನ್ನ ಹೆಗಲಿಂದ ಇಳಿಸಿ ಕೈಯಲ್ಲಿ ಹಿಡ್ಕೊಂಡೆ. ಇಪ್ಪತ್ತಾರು ವರ್ಷದ ಬ್ಯಾಗು.

"ನಿನ್ನೆ ಬಸ್ಸಲ್ಲಿ ‘ತುರ್ತು ದ್ವಾರ’ ಅಂತ ಭಾರೀ ಗಲಾಟೆ ಆಯ್ತಂತೆ?" ಅಂದ್ರು.

"ಆಯ್ತು ಸಾವ್ಕಾರ್ರೇ. ನನ್ನದೇ ತಪ್ಪು."

"ತಪ್ಪೇ ಮತ್ತೆ! ನಿನ್ನೆ ಸಂಜೆಯಿಂದ ಎಲ್ಲಿ ಹೋದ್ರೂ ಅದೇ ಮಾತು. ಎಲ್ಲರಿಗೂ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ. ನನ್ನ ಹೆಂಡ್ತಿ ಎಲ್ಲಾ ಆಪ್‌ಗಳಲ್ಲೂ ಹುಡುಕಿ ಸಾಕಾದಳು. ಊರಿಗೆಲ್ಲ ಹೇಳೋನು, ಬಸ್ಸಿನ ಯಜಮಾನನಿಗೆ ಹೇಳೋದು ಬೇಡ್ವಾ?"

ಬ್ಯಾಗನ್ನ ಮೆಲ್ಲಗೆ ಮತ್ತೆ ಹೆಗಲಿಗೆ ಹಾಕ್ಕೊಂಡೆ. ಓನರ್ ಕೆಂಪಕ್ಷರದ ಕಿಟಕಿಗೇ ಕೈ ಊರಿ, ಹುಬ್ಬು ಗಂಟು ಹಾಕಿ ಯೋಚಿಸ್ತಾ ನಿಂತಿದ್ರು.

"ಅಲ್ಲ ಮಾರಾಯ," ಅಂದ್ರು, "ಎಲ್ಲೋ ನೋಡಿದ ಹಾಗೂ ಇದೆ."